ಸಹಿ ಬೀಳದ ಅರ್ಜಿ

ನಮ್ಮ ಮನೆಯಲ್ಲಿ ಗುಟ್ಟಿನ ಮಾತು ಆಡಬೇಕಾದಾಗಲೆಲ್ಲ ನನ್ನನ್ನು ಕೊತ್ತಂಬರಿ ಸೊಪ್ಪಿಗೋ ಬೆಂಕಿಪೊಟ್ಟಣಕ್ಕೋ ಅಂಗಡಿಗೆ ಅಟ್ಟುತ್ತಿದ್ದರು. ಅಜ್ಜಿಯನ್ನು ಎಲ್ಲಿಗೂ ಕಳಿಸುವ ಅಗತ್ಯವಿರಲಿಲ್ಲ, ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ಸರಸ್ವತಿಪುರಂನ ಅಡ್ಡರಸ್ತೆಯೊಂದರಲ್ಲಿ ನಮ್ಮದು ರೈಲಿನ ಹಾಗೆ ಉದ್ದಕ್ಕೆ ಸಾಗುವ ಮನೆ. ಮುಂದೆ ಕಂಬಿ ಹಾಕಿದ ವರಾಂಡ, ಆಮೇಲೆ ನಡುಮನೆ, ಅದರಾಚೆ ಅಡಿಗೆಮನೆ, ಹಿಂದೆ ಸಾಮಾನು ಕೋಣೆ ಮತ್ತು ಬಚ್ಚಲು. ಅಜ್ಜಿಯ ಮಂಚ ನಡುಮನೆಯಿಂದ ಅಡಿಗೆಮನೆಗೆ ಹೋಗುವ ಬಾಗಿಲ ಪಕ್ಕದಲ್ಲೇ ಇತ್ತು. ಯಾರು ಎಲ್ಲಿಂದ ಎಲ್ಲಿಗೆ ಹೋದರೂ ಅದನ್ನು ದಾಟಿಯೇ ಹೋಗಬೇಕು. ಅವಳು ಅಪ್ಪನ ತಾಯಿ, ಊರಾಚೆಯ ಹಳ್ಳಿ ಇಲವಾಲದವಳು. ಅಪ್ಪನ ಮದುವೆಯಾದ ವರ್ಷವೇ, ಇನ್ನೂ ನಲವತ್ತರ ಆಸುಪಾಸಿನಲ್ಲಿ ಅವಳ ಕಿವಿ ಹೋಯಿತಂತೆ. ನಾನು ಹುಟ್ಟುವ ಹೊತ್ತಿಗೆ ಮನೆಯವರು ಕೂಗಿ ಮಾತಾಡುವುದಕ್ಕೆ ಒಗ್ಗಿಹೋಗಿದ್ದರು. "ಅತ್ತೇ, ಮುದ್ದೆ ಬಡಿಸ್ಲಾ?" ಎಂದು ಅಮ್ಮ ಕೂಗಿದರೆ ಎದುರುಮನೆಯವರು ತಟ್ಟೆ ಹಿಡಿದು ಕೂರುತ್ತಾರೆ ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ಅಮ್ಮನ ಗಂಟಲು ಸದಾ ಕಟ್ಟಿರುತ್ತಿತ್ತು. ಶನಿವಾರ ಶನಿವಾರ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಆರಿಸಿ, ಹತ್ತಿಯಲ್ಲಿ ಅದ್ದಿ ಅಜ್ಜಿಯ ಎರಡೂ ಕಿವಿಗೆ ಬಿಡುವುದು ಅಮ್ಮನ ಕೆಲಸ. ಇಷ್ಟೆಲ್ಲ ಮಾಡಿದರೂ ಅವರಿಬ್ಬರೂ ಮುಖ ಕೊಟ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

ಅನುಮಾನ ನಮ್ಮ ಮನೆತನದ ಕಸುಬು ಎಂದೇ ಹೇಳಬೇಕು. ಹಾಲಿನವನು ಹೋದ ಮೇಲೆ ಅಮ್ಮ ಒಂದು ಹನಿಯನ್ನು ಉಗುರಿನ ಮೇಲೆ ಬಿಟ್ಟು ನೋಡುತ್ತಿದ್ದಳು. ಅಜ್ಜಿ ತನ್ನ ಎಲೆ ಅಡಿಕೆ ಚೀಲವನ್ನು ದಿಂಬಿನ ಕೆಳಗಿಟ್ಟು ಅದರ ಮೇಲೆ ಮಲಗುತ್ತಿದ್ದಳು. ಅಪ್ಪನಂತೂ ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಧರಿಸಿ, ಪೇಪರ್ ಬಿಡಿಸಿದರೆ ಮೊದಲ ಮಾತೇ "ಸುಳ್ಳು" ಎಂದಿರುತ್ತಿತ್ತು. ಅವರು ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು. ತಿದ್ದಿದ ಅಂಕಪಟ್ಟಿ, ಹೆರೆದು ಬರೆದ ಜನ್ಮದಿನಾಂಕ, ಸತ್ತವರ ಸಹಿ, ಎಲ್ಲವನ್ನೂ ನೋಡಿ ನೋಡಿ ಯಾವ ಕಾಗದ ಕೈಗೆ ಬಂದರೂ ಬೆಳಕಿಗೆ ಹಿಡಿಯುವುದು ಅವರಿಗೆ ರೂಢಿಯಾಗಿತ್ತು.

ಅಂಥವರ ಹತ್ತಿರವೇ ಅರ್ಧ ಊರು ಮುಂದೇನು ಓದಬೇಕೆಂದು ಕೇಳಲು ಬರುತ್ತಿತ್ತು. ಫಲಿತಾಂಶ ಬಂದ ದಿನಗಳಲ್ಲಿ ನಮ್ಮ ವರಾಂಡದಲ್ಲಿ ಚಪ್ಪಲಿ ಬಿಡಲು ಜಾಗ ಇರುತ್ತಿರಲಿಲ್ಲ. ಉದಯಗಿರಿಯ ಮೆಕ್ಯಾನಿಕ್‌ಗಳು ಮಕ್ಕಳನ್ನು ಕರೆತರುತ್ತಿದ್ದರು, ಇಲವಾಲದ ಕಡೆಯವರು ಮೊದಲ ಬಸ್ಸಿಗೇ ಬಂದು ಕಾಯುತ್ತಿದ್ದರು. ಅಪ್ಪ ಯಾರಿಗೂ ಇದನ್ನು ಓದು ಎಂದು ನೇರವಾಗಿ ಹೇಳುತ್ತಿರಲಿಲ್ಲ. ಹೊಸದಾಗಿ ಬೋರ್ಡು ಹಾಕಿಕೊಂಡಿದ್ದ ಕಂಪ್ಯೂಟರ್ ಸೆಂಟರೊಂದರ ಬಣ್ಣದ ಕಾಗದ ಹಿಡಿದು ಬಂದ ಉದಯಗಿರಿಯ ಹುಡುಗನೊಬ್ಬನಿಗೆ ಅವರು ಹೇಳಿದ್ದು ನನಗಿನ್ನೂ ನೆನಪಿದೆ.

"ನೂರಕ್ಕೆ ನೂರು ಕೆಲ್ಸ ಅಂತ ಇದರಲ್ಲಿ ಅಚ್ಚು ಹಾಕ್ಸಿದಾರೆ. ಹಾಕ್ಸೋದಕ್ಕೇನಪ್ಪ, ಮದುವೆ ಕಾಗದದಲ್ಲಿ ವರನ ಹೆಸರಿನ ಮುಂದೆ ಚಿರಂಜೀವಿ ಅಂತ ಹಾಕ್ಸಲ್ವಾ? ಇಲ್ಲಿ ಓದಿ ಆಚೆ ಬಂದಿರೋ ಮೂರು ಜನಾನ ಹುಡುಕು. ಈಗ ಏನು ಮಾಡ್ತಿದಾರೆ, ಬೆಳಗ್ಗೆ ಎಷ್ಟು ಗಂಟೆಗೆ ಏಳ್ತಾರೆ, ಖುಷಿಯಾಗಿದಾರಾ, ಎಲ್ಲ ಕೇಳ್ಕೊಂಡು ಬಾ. ಆಮೇಲೆ ಫಾರಂ ತುಂಬೋಣ."

ಎಷ್ಟೋ ಜನ ಹುಡುಕಲು ಹೋಗಿ ಮತ್ತೆ ಬರುತ್ತಲೇ ಇರಲಿಲ್ಲ. ಬಂದವರ ಫಾರಂ ಅನ್ನು ಅಪ್ಪ ತಮ್ಮ ದುಂಡು ಅಕ್ಷರದಲ್ಲಿ ತಾವೇ ತುಂಬಿ, ಮರುದಿನ ರಿಜಿಸ್ಟರ್ಡ್ ಪೋಸ್ಟಿಗೆ ಹಾಕುತ್ತಿದ್ದರು. ಊರ ಮಕ್ಕಳ ಭವಿಷ್ಯವನ್ನು ಇಷ್ಟು ಜರಡಿ ಹಿಡಿಯುತ್ತಿದ್ದ ಅವರು ನಾನು ಬಿ.ಎಸ್ಸಿ. ಕೊನೆಯ ವರ್ಷಕ್ಕೆ ಬಂದರೂ ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ನನಗೆ ಅನುಮಾನ ಶುರುವಾದದ್ದು ಅಲ್ಲಿಂದಲೇ.

ಏನು ಓದಬೇಕೆಂದು ನನಗೆ ಆಗಲೇ ತಿಳಿದುಹೋಗಿತ್ತು. ಸಹಪಾಠಿಯೊಬ್ಬಳ ಪುಟ್ಟ ತಂಗಿಯನ್ನು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದಾಗ ಜೊತೆಗೆ ಹೋಗಿದ್ದೆ. ಅಲ್ಲಿ ಬಿಳಿ ಕೋಟು ಹಾಕಿದ ಹುಡುಗಿಯೊಬ್ಬಳು ಬಾಯಿಗೆ ರಟ್ಟು ಅಡ್ಡ ಹಿಡಿದು ಆ ಮಗುವಿನ ಹತ್ತಿರ "ಚೆಂಡು ಕೊಡು" ಎಂದಳು. ರಟ್ಟು ಯಾಕೆ ಎಂದು ಕೇಳಿದೆ. "ನಿಜವಾಗ್ಲೂ ಕೇಳಿಸ್ತಾ ಇದೆಯೋ, ಬಾಯಿ ನೋಡಿ ಊಹೆ ಮಾಡ್ತಿದಾಳೋ ಗೊತ್ತಾಗಬೇಕಲ್ಲ" ಎಂದಳು. ಅನುಮಾನ ಪಡುವುದನ್ನೇ ಓದಿಸಿ, ಅದರಿಂದ ಒಂದು ಮಗುವಿಗೆ ಉಪಕಾರವಾಗುವಂಥ ಕೆಲಸವೂ ಇದೆಯಲ್ಲ! ಆದರೆ ಆ ಕಿವಿ ಪರೀಕ್ಷೆಯ ಕೋರ್ಸಿಗೆ ಪಿಯುಸಿ ಮುಗಿಸಿದವರು ಸೇರುತ್ತಿದ್ದರು. ನಾನು ಡಿಗ್ರಿ ಮುಗಿಸಿ ಮತ್ತೆ ಮೊದಲ ವರ್ಷದಿಂದ ಚಿಕ್ಕವರ ಜೊತೆ ಕೂರಬೇಕು. ಆಗಲಿ ಎಂದುಕೊಂಡೆ. ಅಪ್ಪ ಹೇಳದಿದ್ದರೂ ಅವರ ಪದ್ಧತಿಯಂತೆ ಆ ಕೋರ್ಸು ಓದಿದ ಮೂವರನ್ನು ಹುಡುಕಿ, ಮಾತಾಡಿಸಿ, ಎಲ್ಲವನ್ನೂ ಬರೆದುಕೊಂಡು ಫಾರಂ ಸಮೇತ ಅವರ ಮುಂದಿಟ್ಟೆ. ಬರೆದದ್ದನ್ನು ಎರಡು ಸಲ ಓದಿದರು. ಫಾರಂ ಅನ್ನು ಬೆಳಕಿಗೆ ಹಿಡಿದರು. "ನೋಡೋಣ" ಎಂದರು. ಅಪ್ಪನ ನಿಘಂಟಿನಲ್ಲಿ ನೋಡೋಣ ಎಂದರೆ ಇಲ್ಲ ಎಂದರ್ಥ.

ಆಮೇಲಿನ ಹದಿನೈದು ದಿನ ನಾನು ಮನೆಯಲ್ಲಿ ಪೊಲೀಸಿನವಳ ಹಾಗೆ ಓಡಾಡಿದೆ. ವರಾಂಡದ ಮೇಜಿನ ಮೇಲೆ ಬೇರೆಯವರ ಫಾರಂಗಳು ಬರುತ್ತಿದ್ದವು, ಹೋಗುತ್ತಿದ್ದವು. ನನ್ನದು ಮಾತ್ರ ಫೈಲಿನ ತಳದಲ್ಲಿ ಹಾಗೇ ಇತ್ತು. ಪೋಷಕರ ಸಹಿಯ ಜಾಗ ಖಾಲಿ. ಒಂದು ದಿನ ಅಮ್ಮ "ಫಾರಂಗೆ ಫೋಟೋ ಬೇಕಲ್ವಾ" ಎಂದು ನನ್ನನ್ನು ಸ್ಟುಡಿಯೋಗೆ ಕರೆದುಕೊಂಡು ಹೋದಳು. ಪಾಸ್‌ಪೋರ್ಟ್ ಸೈಜ್ ಆದ ಮೇಲೆ ಚೀಲದಿಂದ ತನ್ನ ಹಸಿರು ರೇಷ್ಮೆ ಸೀರೆ ತೆಗೆದು, ಇದನ್ನು ಉಟ್ಟು ನಿಂತುಕೊಂಡೂ ಒಂದು ತೆಗೆಸಿಕೋ ಎಂದಳು. ಯಾವ ಕೋರ್ಸಿನವರು ಅರ್ಜಿಗೆ ಸೀರೆಯುಟ್ಟು ನಿಂತ ಫೋಟೋ ಕೇಳುತ್ತಾರೆ? ಉರಿದುಹೋಯಿತು ನನಗೆ. ಹೂಂ, ಇದೆಲ್ಲ ಅಮ್ಮನದೇ ಸಂಚು, ಅಪ್ಪ ನೆಪಮಾತ್ರ ಎಂದು ತೀರ್ಮಾನಿಸಿದೆ. ಅದಕ್ಕೆ ಸಾಕ್ಷಿಯೂ ಸಿಕ್ಕಿತು. ಒಂದು ಮಧ್ಯಾಹ್ನ ನನ್ನನ್ನು ಅಂಗಡಿಗೆ ಕಳಿಸಿದರು. ಚೀಲ ಮರೆತು ಅರ್ಧ ದಾರಿಯಿಂದ ವಾಪಸು ಬಂದರೆ ಅಮ್ಮ ಅಜ್ಜಿಯ ಮಂಚದ ಪಕ್ಕ, ಗೋಡೆಗೆ ಮುಖ ಮಾಡಿ ಬೇಳೆ ಆರಿಸುತ್ತ ತಗ್ಗಿದ ದನಿಯಲ್ಲಿ ಏನೋ ಹೇಳುತ್ತಿದ್ದಳು. ನನ್ನನ್ನು ಕಂಡು ಮಾತು ನಿಂತಿತು.

"ಯಾರ ಹತ್ರ ಮಾತಾಡ್ತಿದ್ದೆ?"

"ಯಾರ ಹತ್ರ ಮಾತಾಡ್ಲಿ, ಬೇಳೆ ಹತ್ರ. ಬೇಗ ಹೋಗು, ಅಂಗಡಿ ಮುಚ್ಬುಡ್ತಾರೆ."

ಅಜ್ಜಿ ಗೋಡೆ ಕಡೆ ತಿರುಗಿ ಮಲಗಿದ್ದಳು. ಆ ಗೋಡೆಯ ಕಿಟಕಿಯಾಚೆ ಪಕ್ಕದ ಮನೆಯವರು ಯಾರೋ ಇದ್ದಿರಬೇಕು, ಅವರ ಹತ್ತಿರ ನನ್ನ ಮದುವೆಯ ಮಾತು ನಡೆದಿದೆ ಎಂದುಕೊಂಡು ಆವತ್ತು ರಾತ್ರಿ ಊಟ ಬಿಟ್ಟೆ. ಅಮ್ಮ ಒಂದು ಸಲವೂ ಏಳು ಊಟ ಮಾಡು ಎನ್ನಲಿಲ್ಲ. ಅದೂ ನನ್ನ ಲೆಕ್ಕದಲ್ಲಿ ಅವಳ ಅಪರಾಧವೇ ಆಯಿತು.

ಅರ್ಜಿಗೆ ಕೊನೆಯ ದಿನ ಇನ್ನೊಂದು ವಾರವಿದೆ ಎನ್ನುವಾಗ ನಂಜನಗೂಡಿನ ಕಡೆಯಿಂದ ಹೆಣ್ಣು ನೋಡಲು ಬಂದರು. ಹುಡುಗನಿಗೆ ಕೃಷಿ ಇಲಾಖೆಯಲ್ಲಿ ಕೆಲಸ. ಮಠದ ಕಡೆಯಿಂದ ಗೊತ್ತಾದ ಸಂಬಂಧ, ಆದ್ದರಿಂದ ಅಪ್ಪ ಅಪರೂಪಕ್ಕೆ ಯಾವುದನ್ನೂ ಶಂಕಿಸಿರಲಿಲ್ಲ. ಅಪ್ಪನಿಗಿದ್ದ ಹೆದರಿಕೆ ಒಂದೇ, ಅಜ್ಜಿ. ಚಿಕ್ಕ ವಯಸ್ಸಿಗೇ ಬಂದ ಕಿವುಡು ಎಂದು ಗೊತ್ತಾದರೆ ವಂಶದ್ದೇನೋ ಎಂದು ಜನ ಹಿಂಜರಿಯುತ್ತಾರೆ. ನಾನು ಕೇಳಿದ ಕೋರ್ಸಿಗೂ ಅವರು ಸಹಿ ಹಾಕದಿದ್ದದ್ದು ಅದಕ್ಕೇ. ಕಿವುಡರ ಓದು ಓದಿದರೆ ಮನೆಯ ವಿಷಯವನ್ನು ನಾವೇ ಡಂಗುರ ಹೊಡೆದ ಹಾಗೆ ಎಂದು ಅಮ್ಮನ ಹತ್ತಿರ ಹೇಳಿದ್ದರಂತೆ. ಆವತ್ತು ಅಜ್ಜಿಯನ್ನು ಸಾಮಾನು ಕೋಣೆಯಲ್ಲಿ ಕೂರಿಸಿ, ಆಚೆ ಬರಬೇಡ ಎಂದು ಅಪ್ಪ ಕೈಸನ್ನೆ ಮಾಡಿದರು. ಕೂಗಿ ಹೇಳುವ ಹಾಗಿರಲಿಲ್ಲವಲ್ಲ.

ಉಪ್ಪಿಟ್ಟು, ಕೇಸರಿಬಾತು ಆಯಿತು. ನಾನು ಅದೇ ಹಸಿರು ಸೀರೆಯಲ್ಲಿ ಕಾಫಿ ಕೊಟ್ಟೆ. ಹುಡುಗ ತಟ್ಟೆ ನೋಡುತ್ತ ಕೂತಿದ್ದ, ಪಾಪ, ಅವನ ಮೇಲೆ ನನಗೆ ಯಾವ ಕೋಪವೂ ಇರಲಿಲ್ಲ. ಅವನ ದೊಡ್ಡಮ್ಮ ಒಬ್ಬರು ಮಾತಿನ ಯಜಮಾನಿಕೆ ವಹಿಸಿದ್ದರು. ಒಪ್ಪಿಗೆಯಾದ ಹಾಗೆ, ಮುಂದಿನ ಸೋಮವಾರ ನೀವು ನಮ್ಮ ಮನೆಗೆ ಬನ್ನಿ ಎಂದು ಅವರು ಹೇಳುತ್ತಿದ್ದಂತೆಯೇ ಅಡಿಗೆಮನೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ನೇರ ಬಂದು ಆ ದೊಡ್ಡಮ್ಮನ ಪಕ್ಕ ಕೂತಳು. ಅವರು ಗೌರವದಿಂದ "ಚೆನ್ನಾಗಿದೀರಾ?" ಎಂದರು. ಅಜ್ಜಿ ಕಿವಿಗೆ ಕೈ ಕೊಟ್ಟು, ಬೀದಿಗೆಲ್ಲ ಕೇಳುವ ಹಾಗೆ ಶುರುಮಾಡಿದಳು.

"ಕೂಗಿ ಯೋಳವ್ವಾ, ನಂಗೆ ಕೇಳಾಕಿಲ್ಲ! ನಮ್ಮವ್ವಂಗೂ ಅಂಗೇ ಆಗಿತ್ತು, ನಮ್ಮಕ್ಕಂಗೂ ಅಂಗೇ ಆಗದೆ. ನಮ್ ವಂಸದ ಎಣ್ಮಕ್ಳಿಗೆ ನಲ್ವತ್ತರೊಳಗೆ ಕಿವಿ ಮುಚ್ಕೊಂಡೋಯ್ತದೆ. ಈ ಮಗೀಗೆ ಈಗ ಕೇಳ್ತದೆ. ಇನ್ನೆಷ್ಟು ದಿನವೋ, ಶಿವನೇ ಬಲ್ಲ!"

ಅಪ್ಪಟ ಸುಳ್ಳು. ಅಜ್ಜಿಯ ಅಕ್ಕ ಇಲವಾಲದಲ್ಲಿ ಗಟ್ಟಿಮುಟ್ಟಾಗಿದ್ದಳು, ಮೂರನೇ ಮನೆಯ ಪಿಸುಮಾತೂ ಅವಳಿಗೆ ಕೇಳುತ್ತಿತ್ತು. ಆದರೆ ಬಂದವರ ಎದುರು ಹೆತ್ತ ತಾಯಿಯನ್ನು ಸುಳ್ಳಿ ಎನ್ನಲು ಅಪ್ಪನಿಗೆ ಬಾಯಿ ಬರಲಿಲ್ಲ. ದೊಡ್ಡಮ್ಮನ ಕಾಫಿ ಲೋಟದಲ್ಲೇ ಉಳಿಯಿತು. ಮೂರು ದಿನಕ್ಕೆ ಎಸ್‌ಟಿಡಿ ಬೂತಿನವನ ಮೂಲಕ ಸುದ್ದಿ ಬಂತು, ಜಾತಕ ಕೂಡಿಬರಲಿಲ್ಲವಂತೆ. ಆ ಮೂರು ದಿನದಲ್ಲಿ ಮಾತು ನಮ್ಮ ನಂಟರಿಷ್ಟರಲ್ಲೆಲ್ಲ ಹರಡಿಯೂ ಆಗಿತ್ತು.

"ಅರಳು ಮರಳು. ಬಂದಿರೋರು ಯಾರು, ಯಾಕೆ ಬಂದಿದಾರೆ ಅನ್ನೋದೇ ಕೇಳಿಸ್ದೆ, ಬಾಯಿಗೆ ಬಂದದ್ದು ಅಂದ್ಬುಟ್ಲು," ಎಂದು ಅಪ್ಪ ತಲೆ ಹಿಡಿದು ಕೂತರು. ಆಮೇಲೆ ಫೈಲಿನ ತಳದಿಂದ ನನ್ನ ಫಾರಂ ತೆಗೆದು, ನನ್ನ ಮುಖ ನೋಡದೆ ಸಹಿ ಹಾಕಿದರು. "ಓದ್ಕೊ. ಇನ್ನೆರಡು ಮೂರು ವರ್ಷ ಈ ಮನೆ ಕಡೆ ಯಾರೂ ತಿರುಗಿ ನೋಡಲ್ಲ."

ಹೀಗೆ ಅವಮಾನದ ಬಾಗಿಲಿಂದ ನನ್ನ ಓದು ಒಳಗೆ ಬಂತು. ನಾನು ಸಂಕೋಚವಿಲ್ಲದೆ ಖುಷಿಪಟ್ಟೆ. ಅಮ್ಮನ ಮೇಲಿನ ಸಿಟ್ಟು ಮಾತ್ರ ಇಳಿಯಲಿಲ್ಲ. ಅವಳ ಉಪಾಯ ಕೆಟ್ಟಿತು, ಚೆನ್ನಾಗಾಯಿತು ಎಂದುಕೊಳ್ಳುತ್ತ, ಹತ್ತಿರ ಹತ್ತಿರ ಎರಡು ವರ್ಷ ಅವಳ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎರಡನೇ ವರ್ಷದಲ್ಲಿ ನಾವೇ ಕಿವಿ ಪರೀಕ್ಷೆ ಮಾಡಿ ವರದಿ ಒಪ್ಪಿಸಬೇಕಿತ್ತು. ನನಗೆ ಒಂದು ಕೇಸು ಕಡಿಮೆ ಬಿತ್ತು. ಅಲ್ಲಿಯವರೆಗೆ ಎಷ್ಟು ಕರೆದರೂ ಬರದ ಅಜ್ಜಿ, ನನ್ನ ಮಾರ್ಕ್ಸ್ ಹೋಗುತ್ತದೆ ಎಂದಾಗ ಒಪ್ಪಿದಳು. ಹೊರಗಿನ ಸದ್ದು ಹೊಗದ ಕೋಣೆಯಲ್ಲಿ ಅವಳನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕುಯ್ ಎಂದು ಕೇಳಿಸಿದ ತಕ್ಷಣ ಬೆರಳೆತ್ತು ಎಂದು ಅಭಿನಯಿಸಿ ತೋರಿಸಿದೆ. ಗಾಜಿನ ಈಚೆ ನಾನು ಯಂತ್ರದ ಮುಂದೆ ಕೂತೆ. ಎಡಗಿವಿ ಏನು ಮಾಡಿದರೂ ಏಳಲಿಲ್ಲ, ಅದು ನಿಜ. ಬಲಗಿವಿ ಮಾತ್ರ ಮೊದಲ ಸಲ ಒಂದು ಉತ್ತರ ಕೊಟ್ಟಿತು, ಎರಡನೇ ಸಲ ಇನ್ನೊಂದು, ಮೂರನೇ ಸಲ ಮತ್ತೊಂದು. ನಿಜವಾದ ಕಿವುಡು ಹಾಗೆ ಸಲಕ್ಕೊಂದು ಮಾತಾಡುವುದಿಲ್ಲ. ಯಂತ್ರದ ಸದ್ದನ್ನು ಅವಳೇ ಕೊಟ್ಟ ಉತ್ತರಗಳ ಪ್ರಕಾರ ಅವಳಿಗೆ ಖಂಡಿತ ಕೇಳಿಸಬಾರದಷ್ಟು ತಗ್ಗಿಸಿ, ತಲೆ ಬಗ್ಗಿಸಿಕೊಂಡು ಮೈಕಿನಲ್ಲಿ ಮೆಲ್ಲಗೆ ಹೇಳಿದೆ.

"ಅಜ್ಜಿ, ಸೆರಗು ಜಾರಿದೆ."

ಅವಳ ಕೈ ತಟಕ್ಕನೆ ಹೆಗಲಿಗೆ ಹೋಯಿತು. ಹೋದ ಮೇಲೆ ಅಲ್ಲೇ ನಿಂತಿತು. ಗಾಜಿನಾಚೆಯಿಂದ ನನ್ನನ್ನು ನೋಡಿದಳು.

ಆಚೆ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತಾಗ ನಾನು ಸಣ್ಣ ದನಿಯಲ್ಲೇ ಕೇಳಿದೆ. ಸಣ್ಣ ದನಿಯಲ್ಲಿ ಅಜ್ಜಿಯ ಹತ್ತಿರ ಮಾತಾಡಿದ್ದು ಬದುಕಿನಲ್ಲೇ ಮೊದಲು.

"ಎಷ್ಟು ವರ್ಷದಿಂದ ಅಜ್ಜಿ?"

"ಒಂದು ನಿಜವಾಗ್ಲೂ ಓಯ್ತು ಕಣವ್ವ. ಕೀವು ಕಟ್ಕೊಂಡು ಆರು ತಿಂಗ್ಳು ಎರಡೂ ಕೇಳ್ನಿಲ್ಲ. ಆಗ ನೋಡು, ಎಲ್ರೂ ನನ್ ಮುಂದೆ ನಿಂತ್ಕೊಂಡು, ನನ್ ಮುಖ ನೋಡ್ಕೊಂಡು ಮಾತಾಡ್ಸೋರು. ಅಲ್ಲೀಗಂಟ ಯಾರು ನನ್ನ ಮಾತಾಡ್ಸಿದ್ರು? ಬಲಗಿವಿ ವಾಸಿ ಆದ್ಮೇಲೆ ಯೋಳಾಕೆ ಮನ್ಸು ಬರ್ನಿಲ್ಲ. ಆಮೇಲೆ ಯೋಳಾಕೆ ನಾಚ್ಕೆ ಆಯ್ತು."

"ಅಮ್ಮ ಇಪ್ಪತ್ತು ವರ್ಷಕ್ಕೂ ಮೇಲೆ ಗಂಟಲು ಹರ್ಕೊಂಡಳಲ್ಲ!"

ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ವಿಷಯ ಹೊಳೆಯಿತು.

"ಹಾಗಾದ್ರೆ ಆವತ್ತು, ನಂಜನಗೂಡಿನೋರು ಬಂದಾಗ, ಬೇಕಂತಲೇ ಹೇಳಿದ್ಯಾ?"

"ನಿಮ್ಮಮ್ಮ ಕೇಳ್ಕಂಡ್ಲಲ್ಲ."

"ಅಮ್ಮ ನಿನ್ನ ಕೇಳಿಕೊಂಡಳಾ?"

"ನನ್ನಲ್ಲ. ಬೇಳೆ ಆರಿಸ್ತಾ ಗೋಡೆಗೆ ಯೋಳ್ಕಂಡ್ಲು. ಈ ಮಗು ಆಸೆಪಟ್ಟಿದ್ದು ಓದ್ಲಿ, ನಂಗೆ ಇವರ ಮುಂದೆ ಬಾಯಿಲ್ಲ, ದೊಡ್ಡೋರು ಯಾರಾದ್ರೂ ಈ ಸಂಬಂಧ ತಪ್ಪಿಸ್ಬೇಕು ಅಂತ. ಮೂರು ದಿನ ದಿನಾ ಬಂದು ನನ್ ಮಂಚದ ಪಕ್ಕಾನೇ ಕುಂತ್ಕಂಡು ಯೋಳಿದ್ಲು. ಗೋಡೆಗಾದ್ರೆ ಒಂದ್ ಸಲ ಸಾಕಲ್ವಾ?"

ಮನೆಗೆ ಬಂದವಳೇ ಅಡಿಗೆಮನೆಗೆ ಹೋದೆ. ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಅಜ್ಜಿಗೆ ಕೇಳುತ್ತದೆ ಎಂದು ನಿನಗೆ ಯಾವಾಗ ಗೊತ್ತಾಯಿತು ಎಂದೆ. ಕೈ ನಿಲ್ಲಿಸದೆ, ಕಟ್ಟಿದ ಗಂಟಲಲ್ಲಿ ಹೇಳಿದಳು.

"ನಾನು ಬಂದ ಎರಡನೇ ವರ್ಷಕ್ಕೇ. ಹಾಲುಕ್ಕಿದರೆ ನನಗಿಂತ ಮುಂಚೆ ತಿರುಗಿ ನೋಡೋರು."

"ಮತ್ಯಾಕೆ ಕೂಗ್ತಿದ್ದೆ?"

"ಅವರು ಕಿವುಡಾಗಿದ್ರೆ ನನಗೂ ಅನುಕೂಲ ಇತ್ತು ಕಣೆ. ಎದುರಿಗೆ ಹೇಳಲಾರದ್ದನ್ನೆಲ್ಲ ಗೊಣಗ್ತಾ ಹೇಳ್ಬುಡ್ತಿದ್ದೆ. ಅವರು ತಿರುಗಿ ಮಾತಾಡೋ ಹಾಗಿರ್ಲಿಲ್ಲ."

"ಸೀರೆ ಉಡಿಸಿ ಫೋಟೋ ತೆಗೆಸಿದ್ಯಲ್ಲ? ನಂಗೊಂದು ಮಾತು ಹೇಳಬಾರದಿತ್ತಾ?"

"ತೆಗೆಸು ಅಂದವರು ನಿಮ್ಮಪ್ಪ. ನಿನಗೆ ಹೇಳಿದ್ರೆ ಅದು ನಿನ್ನ ಮುಖದಲ್ಲಿ ಕಾಣ್ತಿತ್ತು. ನಿಮ್ಮಪ್ಪ ಹಿಡಿದ್ಬುಡ್ತಿದ್ರು." ಆಮೇಲೆ ಮೊದಲ ಸಲ ತಲೆಯೆತ್ತಿದಳು. "ಈಗಲೂ ಕಾಣ್ತದೆ. ಮುಖ ತೊಳ್ಕೊ ಹೋಗು. ಅವರು ಬರೋ ಹೊತ್ತು."

ಅವಳ ಹೆದರಿಕೆ ನನಗೆ ಅರ್ಥವಾಯಿತು. ಅಜ್ಜಿಗೆ ಕೇಳುತ್ತದೆ ಎಂದು ಅಪ್ಪನಿಗೆ ಗೊತ್ತಾದರೆ ಆವತ್ತಿನದು ಅರಳು ಮರಳಲ್ಲ, ಸಂಚು ಎಂದಾಗುತ್ತದೆ. ಹೇಳಿಕೊಟ್ಟವರು ಯಾರು ಎಂಬುದೂ ಹೊರಬರುತ್ತದೆ. ತಾಯಿ, ಹೆಂಡತಿ ಸೇರಿಕೊಂಡು ನೆಂಟರ ಎದುರು ತಮ್ಮನ್ನು ತಲೆ ತಗ್ಗಿಸುವ ಹಾಗೆ ಮಾಡಿದರು ಎಂದು ತಿಳಿದ ಮೇಲೆ, ಆ ಸುಳ್ಳಿನಿಂದ ದಕ್ಕಿದ ಓದನ್ನು ಅವರು ಇನ್ನೊಂದು ದಿನವೂ ಮುಂದುವರಿಸಲು ಬಿಡುತ್ತಿರಲಿಲ್ಲ. ಇನ್ನೂ ಒಂದು ವರ್ಷಕ್ಕಿಂತ ಹೆಚ್ಚಿನ ಓದು ಬಾಕಿಯಿತ್ತು.

ಸಂಜೆ ಅಪ್ಪ ಬಂದರು. ವರಾಂಡದಲ್ಲಿ ಆಗಲೇ ಒಬ್ಬಳು ಹುಡುಗಿ ಅವಳ ತಂದೆಯ ಜೊತೆ ಕಾದಿದ್ದಳು. ಅವರನ್ನು ಕೂರಿಸಿ ಒಳಗೆ ಬಂದ ಅಪ್ಪ ಅಂಗಿ ಬಿಚ್ಚುತ್ತ ಕೇಳಿದರು.

"ಏನು ಬಂತಮ್ಮ ಅಜ್ಜಿ ಟೆಸ್ಟು?"

ಅಮ್ಮ ಕಾಫಿ ಹಿಡಿದು ಬಾಗಿಲಲ್ಲಿ ನಿಂತಳು. ಅಜ್ಜಿ ಮಂಚದ ಮೇಲೆ ಗೋಡೆ ನೋಡುತ್ತ ಕೂತಿದ್ದಳು.

"ಎರಡೂ ಇಲ್ಲ ಅಪ್ಪ."

"ನಾಟಕ ಗೀಟಕ ಇಲ್ಲ ತಾನೆ? ಆವತ್ತಿಂದ ನನಗೊಂದು ಅನುಮಾನ ಇದೆ."

"ಮೂರು ಸಲ ಮಾಡಿ ನೋಡ್ದೆ. ನಿಜವಾಗ್ಲೂ ಕೇಳಲ್ಲ."

ಅವರು ನನ್ನನ್ನು ಒಂದು ಕ್ಷಣ ನೋಡಿದರು. ವರದಿ ತೋರಿಸು ಎನ್ನುತ್ತಾರೆ, ಇನ್ನು ಮುಗಿಯಿತು ಎಂದುಕೊಂಡೆ. ಅದು ನನ್ನ ಚೀಲದಲ್ಲೇ ಇತ್ತು. ಅದರಲ್ಲಿ ಬರೆದದ್ದು ಬೇರೆ.

"ಸರಿ ಬಿಡು. ನೀನು ನೋಡಿದ ಮೇಲೆ ಇನ್ನೇನಿದೆ," ಎಂದರು. ಕಾಫಿ ತೆಗೆದುಕೊಂಡು ವರಾಂಡಕ್ಕೆ ಹೋದರು.

ಜೀವಮಾನವೆಲ್ಲ ಯಾರನ್ನೂ ನಂಬದಿದ್ದ ಮನುಷ್ಯ ಹೀಗೆ ನಂಬಿಬಿಟ್ಟಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಅಡಿಗೆಮನೆಯ ಮೂಲೆಗೆ ಹೋಗಿ ನಿಂತೆ. ಆಚೆಯಿಂದ ಅವರ ಮಾತು ತೇಲಿ ಬರುತ್ತಿತ್ತು. ಆ ಹುಡುಗಿ ನನ್ನ ಕೋರ್ಸಿನ ಬಗ್ಗೆಯೇ ಕೇಳಲು ಬಂದಿದ್ದಳು.

"ಬೇರೆ ಯಾರನ್ನೂ ಹುಡುಕ್ಕೊಂಡು ಹೋಗ್ಬೇಡ ತಾಯಿ. ನನ್ನ ಮಗಳೇ ಓದ್ತಿದಾಳೆ, ಅವಳನ್ನ ಕೇಳು. ಇದ್ದದ್ದು ಇದ್ದ ಹಾಗೆ ಹೇಳ್ತಾಳೆ. ಸುಳ್ಳು ಹೇಳೋಳಲ್ಲ ಅವಳು. ಗಿರಿಜಾ, ಬಾಮ್ಮ ಇಲ್ಲಿ!"

ಅಮ್ಮ ಒಲೆಯ ಮುಂದೆ ಸಾರು ತಿರುವುತ್ತಿದ್ದಳು. ಅಪ್ಪ ಇನ್ನೊಮ್ಮೆ ಕರೆದರು. ಆಗ ಮಂಚದ ಕಡೆಯಿಂದ ಅಜ್ಜಿ, ಅಮ್ಮನಿಗೂ ಕೇಳಿಸುವಂತೆ, ಸಣ್ಣ ದನಿಯಲ್ಲಿ ಹೇಳಿದಳು.

"ನಿಮ್ಮಪ್ಪ ಕರೀತಾವ್ನೆ, ಓಗವ್ವ."

ಅಮ್ಮನ ಸೌಟು ಒಂದು ಗಳಿಗೆ ನಿಂತಿತು. ತಿರುಗಿ ನೋಡಲಿಲ್ಲ ಅವಳು. ನಾನು ಅಂಗೈಯಿಂದ ಮುಖ ಒರೆಸಿಕೊಂಡು ವರಾಂಡಕ್ಕೆ ಹೋದೆ.